ಹಾರ್ಡ್ ಡಿಸ್ಕ್ ಕಾಣದಿದ್ದಾಗ ಫಾರ್ಮ್ಯಾಟ್ ಮಾಡಬಹುದೇ?

ಪ್ರಶ್ನೆ: ಸಿಂಧನೂರಿನಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ಸೀಮಂತಗಳ ಫೋಟೊ, ವಿಡಿಯೊಗಳೆಲ್ಲ 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಕಾಪಿ ಆಗುತ್ತಿದ್ದಾಗ ಕರೆಂಟು ಹೋಯಿತು. ಅಂದಿನಿಂದ ಡಿಸ್ಕಿನ ದೀಪ ಉರಿಯುತ್ತದೆ, ಆದರೆ ಕಂಪ್ಯೂಟರಿನಲ್ಲಿ ಡ್ರೈವ್ ಕಾಣುವುದಿಲ್ಲ. ಒಮ್ಮೊಮ್ಮೆ ಕಂಡರೂ ‘ಫಾರ್ಮ್ಯಾಟ್ ಮಾಡಿ’ ಎಂದು ಕೇಳುತ್ತದೆ. ರಿಪೇರಿ ಅಂಗಡಿಯವರು ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಿಸಲೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮಾಡಿಸಬೇಡಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಫಾರ್ಮ್ಯಾಟ್ ಮಾಡಿದರೆ ಡಿಸ್ಕು ಮತ್ತೆ ಕೆಲಸ ಮಾಡಬಹುದು. ಆದರೆ ಖಾಲಿ ಡಿಸ್ಕು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಬೇರೆಯವರ ಮನೆಯ ಮದುವೆಯ ಫೋಟೊ ಸಿಗುವುದಿಲ್ಲ. ಶಕ್ತಿನಗರದಲ್ಲಿ ವಿದ್ಯುತ್ ತಯಾರಾಗುವ ಜಿಲ್ಲೆಯಲ್ಲೇ ಕರೆಂಟನ್ನು ನಂಬುವಂತಿಲ್ಲ ಎಂಬುದು ಬೇರೆ ಮಾತು. ಸದ್ಯಕ್ಕೆ ಆ ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆಯಲ್ಪಡದಂತೆ ನೋಡಿಕೊಳ್ಳುವುದೇ ಮುಖ್ಯ.

ಮೊದಲು ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಕೇಬಲ್ ಚುಚ್ಚಿ, ಕಿವಿಯನ್ನು ಅದರ ಹತ್ತಿರ ತನ್ನಿ. ಒಂದೇ ಸಮನೆ ಸಣ್ಣಗೆ ಗುಂಯ್‌ಗುಡುತ್ತ, ಬೆರಳಿಟ್ಟರೆ ನವಿರಾದ ಕಂಪನ ತಿಳಿಯುತ್ತಿದ್ದರೆ ಒಳಗಿನ ತಟ್ಟೆ ತಿರುಗುತ್ತಿದೆ ಎಂದರ್ಥ. ಲಯಬದ್ಧವಾಗಿ ‘ಟಕ್ ಟಕ್’ ಎಂದು ಬಡಿಯುತ್ತಿದ್ದರೆ ತಕ್ಷಣ ಕೇಬಲ್ ತೆಗೆಯಿರಿ. ತಟ್ಟೆಯ ಮೇಲಿನ ಮಾಹಿತಿಯನ್ನು ಓದುವ ಭಾಗವಾದ ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಓಡಿಸಿದಷ್ಟೂ ನಷ್ಟ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್ ಆದ್ದರಿಂದ ಮನೆಯಲ್ಲಿ ಅದನ್ನು ಬಿಚ್ಚಲೇಬಾರದು, ಒಂದು ಧೂಳಿನ ಕಣವೂ ಅಲ್ಲಿ ಬಂಡೆಯೇ. ಫ್ರಿಜ್ಜಿನಲ್ಲಿಟ್ಟರೆ ಬದುಕುತ್ತದೆ ಎಂಬ ಹಳೆಯ ಸಲಹೆಯನ್ನೂ ಬಿಡಿ, ಹೊರತೆಗೆದಾಗ ಒಳಗೆ ನೀರಿನ ಪಸೆ ಕೂರುತ್ತದೆ. ಇಂಥದ್ದನ್ನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವ ಡೇಟಾ ರಿಕವರಿ ಲ್ಯಾಬಿಗೆ ಒಯ್ಯಬೇಕು. ಬಿಚ್ಚುವ ಮೊದಲೇ ಖರ್ಚನ್ನು ಬರೆಸಿಕೊಳ್ಳಿ, ಸಿಕ್ಕ ಫೈಲುಗಳ ಪಟ್ಟಿ ನೋಡಿದ ಮೇಲೆಯೇ ಹಣ ಕೊಡುವುದಾಗಿ ಹೇಳಿ.

ಸದ್ದು ಸರಿಯಿದ್ದರೆ ಕೇಬಲ್ ಮತ್ತು ಪೋರ್ಟ್ ನೋಡಿ. ಅಂಗೈಯಷ್ಟಿರುವ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಇರುವುದಿಲ್ಲ, ಯುಎಸ್‌ಬಿಯಿಂದಲೇ ಅದು ಕರೆಂಟು ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟಿನದು 900. ಅಷ್ಟು ಸಿಗದಿದ್ದರೆ ದೀಪ ಉರಿದರೂ ಡಿಸ್ಕು ತಿರುಗದೆ ಇರಬಹುದು, ತಿರುಗಿ ನಿಂತುಬಿಡಬಹುದು. ಆದ್ದರಿಂದ ಹಬ್ ಮತ್ತು ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು, ಹಿಂಬದಿಯಲ್ಲಿ ಮದರ್‌ಬೋರ್ಡಿಗೇ ಅಂಟಿರುವ ಪೋರ್ಟಿಗೆ, ಗಿಡ್ಡನೆಯ ಬೇರೊಂದು ಕೇಬಲ್ಲಿನಿಂದ ಜೋಡಿಸಿ. ಒಮ್ಮೊಮ್ಮೆ ಮಾತ್ರ ಕಾಣುತ್ತದೆ ಎಂದು ನೀವು ಬರೆದಿರುವುದರಿಂದ ನನಗೆ ಕೇಬಲ್ಲಿನ ಮೇಲೂ ಅನುಮಾನವಿದೆ. ಡಿಸ್ಕಿನ ಕಡೆಯ ಅಗಲವಾದ, ಎರಡು ಭಾಗದ ಪಿನ್ನು ಬೇಗ ಸಡಿಲವಾಗುತ್ತದೆ. ಅಕ್ಕಿ ಗಿರಣಿಗಳ ಊರಲ್ಲವೇ, ಪೋರ್ಟಿನೊಳಗೆ ಧೂಳಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಬಾಯಿಂದ ಮಾತ್ರ ಊದಬೇಡಿ.

ಇನ್ನು ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಡಿಸ್ಕು ಅಲ್ಲಿ ‘ಹೆಲ್ದಿ’ ಎಂದಿದ್ದು, ಡಿ, ಇ ಎಂಬಂಥ ಡ್ರೈವಿನ ಅಕ್ಷರವೊಂದೇ ಇಲ್ಲದಿದ್ದರೆ ಬಲ ಕ್ಲಿಕ್ ಮಾಡಿ ಡ್ರೈವ್ ಲೆಟರ್ ಕೊಟ್ಟರೆ ಮುಗಿಯಿತು. ‘ರಾ’ ಎಂದಿದ್ದರೆ, ನಿಮ್ಮದು ಬಹುಶಃ ಇದೇ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಬರೆಯುವ ಹೊತ್ತಿಗೆ ಕರೆಂಟು ಹೋಗಿ ಆ ಲೆಕ್ಕ ಕೆಟ್ಟಿದೆ, ಫೋಟೊಗಳು ಬಹುಮಟ್ಟಿಗೆ ಅಲ್ಲೇ ಇವೆ. ‘ಇನಿಶಿಯಲೈಸ್’, ಅಂದರೆ ಹೊಸ ಡಿಸ್ಕಿನಂತೆ ಸಿದ್ಧ, ಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಹಲವರು ಸೂಚಿಸುವ, ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಚೆಕ್ ಡಿಸ್ಕ್, ‘ರಾ’ ಡ್ರೈವಿನಲ್ಲಿ ನಡೆಯುವುದೇ ಇಲ್ಲ. ಬೇರೆ ಸಂದರ್ಭದಲ್ಲೂ ದುರಸ್ತಿಗೆ ಇಳಿದಾಗ ಅದು ಅದೇ ಡಿಸ್ಕಿನ ಮೇಲೆ ತಿದ್ದುವುದರಿಂದ ಪ್ರತಿ ತೆಗೆಯುವ ಮೊದಲು ಬಳಸುವುದು ಅಪಾಯ.

ಇಡೀ ಡಿಸ್ಕಿನ ಪ್ರತಿ ತೆಗೆಯಲು ಇದಕ್ಕಿಂತ ದೊಡ್ಡದಾದ ಇನ್ನೊಂದು ಡಿಸ್ಕು ಬೇಕು. ಲಿನಕ್ಸ್‌ನ ಡಿಡಿರೆಸ್ಕ್ಯೂ ತಂತ್ರಾಂಶ ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. ಆ ಪ್ರತಿಯ ಮೇಲೆ, ಕೆಟ್ಟ ಲೆಕ್ಕವನ್ನು ಸರಿಪಡಿಸಲು ನೋಡುವ ಟೆಸ್ಟ್‌ಡಿಸ್ಕ್ ಓಡಿಸಿ, ಅದರಿಂದಾಗದಿದ್ದರೆ ಫೈಲುಗಳನ್ನೇ ನೇರವಾಗಿ ಹುಡುಕಿ ತೆಗೆಯುವ ಫೋಟೊರೆಕ್ ಬಳಸಿ. ಎರಡೂ ಉಚಿತ. ಫೋಟೊರೆಕ್ ಫೋಟೊಗಳನ್ನು ತಂದರೂ ಫೋಲ್ಡರ್‌ಗಳು ಹೋಗುತ್ತವೆ, ಹಳೆಯ ಹೆಸರುಗಳೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಯಾವ ಮದುವೆ ಯಾರದ್ದೆಂದು ನೀವೇ ಕೂತು ಬೇರ್ಪಡಿಸಬೇಕಾದೀತು. ಈ ಕೆಲಸಗಳನ್ನು ಯುಪಿಎಸ್ ಇರುವ ಕಂಪ್ಯೂಟರಿನಲ್ಲೇ ಮಾಡಿ.

ಪ್ರಶ್ನೆ: ಹೊಸದಾಗಿ ಕೊಂಡ 4 ಟಿಬಿ ಡಿಸ್ಕು ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ. ಹಿಂತಿರುಗಿಸಬೇಕೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಅವಸರ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದರೆ ನಿಮ್ಮ ವಿಷಯದಲ್ಲಿ ಒಪ್ಪಿಕೊಳ್ಳಬಹುದು, ಅದರೊಳಗೆ ಕಳೆದುಕೊಳ್ಳಲು ಏನೂ ಇಲ್ಲ. ಡಿಸ್ಕಿನ ಜಾಗವನ್ನು ವಿಭಾಗಿಸುವ ಪದ್ಧತಿ ಯಾವುದೆಂದು ಕೇಳಿದಾಗ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ಪದ್ಧತಿ ಸಾಮಾನ್ಯವಾಗಿ 2 ಟಿಬಿಯಾಚೆಗಿನ ಜಾಗವನ್ನು ಬಳಸಲು ಬಿಡುವುದಿಲ್ಲ. ವಿಂಡೋಸ್ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಬಳಸುವುದಾದರೆ ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿ. ಕೇಬಲ್ ಮತ್ತು ಪೋರ್ಟ್ ಬದಲಿಸಿದರೂ ಆ ಪಟ್ಟಿಯಲ್ಲಿ ಡಿಸ್ಕು ಕಾಣದಿದ್ದರೆ ಬಿಲ್ಲಿನೊಂದಿಗೆ ಅಂಗಡಿಗೆ ಹೋಗಿ, ಅವರ ಕಂಪ್ಯೂಟರಿಗೆ ಜೋಡಿಸಿ ತೋರಿಸಿ ಬದಲಿ ಕೇಳಿ.