ಓದುಗರ ಪ್ರಶ್ನೆ, ನಮ್ಮ ಉತ್ತರ: ಲೀಡರ್ ಎಂದರೆ ನಾಯಕನಲ್ಲ

ಪ್ರಶ್ನೆ: ಲಂಡನ್ನಿನ ಪತ್ರಿಕೆಯೊಂದರ ಓದುಗರ ಪತ್ರದಲ್ಲಿ ‘ನಿಮ್ಮ ನಿನ್ನೆಯ ಲೀಡರ್ ಏಕಪಕ್ಷೀಯವಾಗಿದೆ’ ಎಂದಿತ್ತು. ಲೀಡರ್, ಲೀಡ್, ಎಡಿಟೋರಿಯಲ್, ಆಪ್-ಎಡ್ ಇವುಗಳ ವ್ಯತ್ಯಾಸವೇನು?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲಿ ಲೀಡರ್ ಎಂದರೆ ಸಂಪಾದಕೀಯ. ‘ಲೀಡಿಂಗ್ ಆರ್ಟಿಕಲ್’ ಎಂಬುದರಿಂದ ಬಂದ ಈ ಮಾತು ಬ್ರಿಟಿಷರದು. ಅಮೆರಿಕನ್ನರು ಅದನ್ನೇ ಎಡಿಟೋರಿಯಲ್ ಎನ್ನುತ್ತಾರೆ. ಲೀಡ್ ಬೇರೆಯದೇ: ಮುಖಪುಟದ ಪ್ರಧಾನ ಸುದ್ದಿ, ಇಲ್ಲವೇ ವರದಿಯ ಮೊದಲ ಪ್ಯಾರಾ. ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿಯೂ ಸಂಜೆಯಾದರೆ ‘ಇವತ್ತಿನ ಲೀಡ್ ಯಾವುದು?’ ಎಂದೇ ಕೇಳುತ್ತಾರೆ.

ಆಪ್-ಎಡ್ ಎಂಬುದನ್ನು ‘ಒಪಿನಿಯನ್’ ಮತ್ತು ‘ಎಡಿಟೋರಿಯಲ್’ ಸೇರಿ ಆದದ್ದೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದು ಸಂಪಾದಕೀಯ ಪುಟದ ಎದುರು ಪುಟ, ಅಂದರೆ ‘ಆಪೋಸಿಟ್’. ನ್ಯೂಯಾರ್ಕ್ ಟೈಮ್ಸ್ 1970ರ ಸೆಪ್ಟೆಂಬರ್‌ನಲ್ಲಿ ಇಂಥ ಪುಟವನ್ನು ಆರಂಭಿಸಿ ಹೊರಗಿನವರ ಲೇಖನಗಳಿಗೆ ಜಾಗ ಕೊಟ್ಟ ಮೇಲೆ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು. ಸಂಪಾದಕೀಯಕ್ಕೆ ಸಾಮಾನ್ಯವಾಗಿ ಲೇಖಕರ ಹೆಸರಿರುವುದಿಲ್ಲ, ಅದು ಪತ್ರಿಕೆಯ ನಿಲುವು. ಆಪ್-ಎಡ್ ಬರಹದಲ್ಲಿ ಹೆಸರಿರುತ್ತದೆ ಮತ್ತು ಅಭಿಪ್ರಾಯದ ಹೊಣೆ ಬರೆದವರದು. ಆದ್ದರಿಂದ ಪತ್ರಿಕೆಯಲ್ಲಿ ಬಂದ ಯಾವುದೇ ಲೇಖನವನ್ನು ಎಡಿಟೋರಿಯಲ್ ಎಂದು ಕರೆಯುವ ನಮ್ಮ ವಿದ್ಯಾರ್ಥಿಗಳ ರೂಢಿ ಸರಿಯಲ್ಲ. ವರದಿಗಾರನ ಹೆಸರಿನ ಸಾಲು ಬೈಲೈನ್, ‘ಬೆಂಗಳೂರು, ಡಿ. 12:’ ಎಂದು ವರದಿಯ ಆರಂಭದಲ್ಲಿರುವುದು ಡೇಟ್‌ಲೈನ್. ಹೆಸರಿನಲ್ಲಿ ದಿನಾಂಕವಿದ್ದರೂ ಇಂದು ಅನೇಕ ಪತ್ರಿಕೆಗಳು ಅಲ್ಲಿ ಊರನ್ನಷ್ಟೇ ಉಳಿಸಿಕೊಂಡಿವೆ.

ಪ್ರಶ್ನೆ: ಟ್ಯಾಬ್ಲಾಯ್ಡ್ ಎಂಬುದು ಆಕಾರವೋ, ಬೈಗುಳವೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಹೌದು. ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿ 1884ರಲ್ಲಿ ತನ್ನ ಒತ್ತಿ ತಯಾರಿಸಿದ ಗುಳಿಗೆಗಳಿಗಾಗಿ ನೋಂದಾಯಿಸಿಕೊಂಡ ವ್ಯಾಪಾರ ನಾಮವಿದು. ಸುದ್ದಿಯನ್ನೂ ಹಾಗೆಯೇ ಚಿಕ್ಕದಾಗಿಸಿ ಕೊಡುವ ಪತ್ರಿಕೆಗಳಿಗೆ ಅದು ಅಂಟಿಕೊಂಡಿತು. ಮುಂದೆ, ಬ್ರಾಡ್‌ಶೀಟ್‌ನ (ದೊಡ್ಡ ಅಳತೆಯ ಪತ್ರಿಕೆಯ ಪುಟದ) ಸುಮಾರು ಅರ್ಧದಷ್ಟಿರುವ ಪುಟಕ್ಕೂ, ರೋಚಕ ಸುದ್ದಿಯ ಚಾಳಿಗೂ ಅದೇ ಹೆಸರಾಯಿತು. ಲಂಡನ್ನಿನ ದಿ ಟೈಮ್ಸ್ 2004ರಲ್ಲಿ ಬ್ರಾಡ್‌ಶೀಟ್ ಬಿಟ್ಟು ಚಿಕ್ಕ ಪುಟಕ್ಕೆ ಬಂದಾಗ, ಈ ಕಳಂಕ ತಟ್ಟದಿರಲೆಂದು ತನ್ನನ್ನು ‘ಕಾಂಪ್ಯಾಕ್ಟ್’ ಎಂದು ಕರೆದುಕೊಂಡಿತು. ಅಳತೆ ಮಾತ್ರ ಟ್ಯಾಬ್ಲಾಯ್ಡಿನದೇ! ಗಾರ್ಡಿಯನ್ 2005ರಲ್ಲಿ ಎರಡರ ನಡುವಿನ ‘ಬರ್ಲಿನರ್’ ಅಳತೆಯನ್ನು ಆರಿಸಿಕೊಂಡಿತಾದರೂ 2018ರಲ್ಲಿ ಅದೂ ಟ್ಯಾಬ್ಲಾಯ್ಡ್ ಆಯಿತು. ಆದ್ದರಿಂದ ‘ಟ್ಯಾಬ್ಲಾಯ್ಡ್ ಪುಟ’ ಎಂದರೆ ಆಕ್ಷೇಪವಿಲ್ಲ, ‘ಟ್ಯಾಬ್ಲಾಯ್ಡ್ ಪತ್ರಿಕೋದ್ಯಮ’ ಎಂದರೆ ಅದು ಟೀಕೆ.

ಪ್ರಶ್ನೆ: ಸ್ಟ್ರಿಂಗರ್ ಮತ್ತು ಫ್ರೀಲಾನ್ಸರ್ ಒಂದೇ ಅಲ್ಲವೇ?
– ಓದುಗರೊಬ್ಬರು, ಮುಂಬೈ

ಉತ್ತರ: ಇಬ್ಬರೂ ಕಾಯಂ ನೌಕರರಲ್ಲ. ಫ್ರೀಲಾನ್ಸರ್ ತನಗೆ ಬೇಕಾದ ಪತ್ರಿಕೆಗೆ ಬರೆಯುತ್ತಾನೆ. ಸ್ಟ್ರಿಂಗರ್ ಒಂದು ಊರಿನಿಂದ ನಿರ್ದಿಷ್ಟ ಪತ್ರಿಕೆಗೆ ನಿಯತವಾಗಿ ಸುದ್ದಿ ಕಳಿಸಿ, ಸಾಮಾನ್ಯವಾಗಿ ಪ್ರಕಟವಾದಷ್ಟಕ್ಕೆ ಸಂಭಾವನೆ ಪಡೆಯುತ್ತಾನೆ. ನಮ್ಮ ತಾಲ್ಲೂಕು ಸುದ್ದಿಗಳಲ್ಲಿ ಬಹುಪಾಲು ಇಂಥವರಿಂದಲೇ ಬರುತ್ತವೆ.