ಬಾಯಿಯೊಳಗೆ ಹುಣ್ಣಾಗಿದೆ, ಇದು ಹರ್ಪಿಸ್ ಇರಬಹುದಾ?

ಕೆನ್ನೆಯ ಒಳಗೆ, ತುಟಿಯ ಒಳಭಾಗದಲ್ಲಿ ಅಥವಾ ನಾಲಿಗೆಯಡಿ ಒಂದೆರಡು ಹುಣ್ಣಾಗಿದೆಯಾ? ನಡುವೆ ಬೆಳ್ಳಗೆ, ಸುತ್ತ ಕೆಂಪಗೆ ಇದೆಯಾ? ಹಾಗಿದ್ದರೆ ಅದು ಹೆಚ್ಚಾಗಿ ಸಾಮಾನ್ಯ ಬಾಯಿಹುಣ್ಣು, ಹರ್ಪಿಸ್ ಅಲ್ಲ. ಉರಿ ಜಾಸ್ತಿ, ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುತ್ತದೆ.

ಹರ್ಪಿಸ್ ಬರುವ ರೀತಿಯೇ ಬೇರೆ. ಸಾಮಾನ್ಯವಾಗಿ ತುಟಿಯ ಹೊರ ಅಂಚಿನಲ್ಲಿ ಮೊದಲು ಜುಮ್ಮೆನ್ನುತ್ತದೆ. ಆಮೇಲೆ ಪುಟ್ಟ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಹಕ್ಕಳೆ ಕಟ್ಟುತ್ತವೆ. ಮತ್ತೆ ಬಂದಾಗಲೂ ಹೆಚ್ಚುಕಡಿಮೆ ಅದೇ ಜಾಗ. ಯಾಕೆಂದರೆ ಎಚ್‌ಎಸ್‌ವಿ-1 ಎಂಬ ಈ ವೈರಸ್ ಒಮ್ಮೆ ಒಳಹೊಕ್ಕರೆ, ಮುಖದ ಸ್ಪರ್ಶವನ್ನು ಮೆದುಳಿಗೆ ತಿಳಿಸುವ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ಜ್ವರ, ಬಿಸಿಲು, ಆಯಾಸ ಅದನ್ನು ಎಬ್ಬಿಸಿದಾಗ ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಇಳಿಯುತ್ತದೆ. ಮೊದಲ ಸಲ ತಗುಲಿದಾಗ ಮಾತ್ರ, ಅದರಲ್ಲೂ ಮಕ್ಕಳಲ್ಲಿ, ಜ್ವರದ ಜೊತೆ ವಸಡು ಊದಿ ಬಾಯಿ ತುಂಬಾ ಹುಣ್ಣಾಗಬಹುದು.

ಒಂದು ವೇಳೆ ಹರ್ಪಿಸ್ ಆಗಿದ್ದರೂ ನಾಚಿಕೊಳ್ಳಬೇಡಿ. ಬಹಳ ಜನರಿಗೆ ಇದು ಚಿಕ್ಕಂದಿನಲ್ಲೇ ಮನೆಯವರ ಮುತ್ತಿನಿಂದ ಬಂದಿರುತ್ತದೆ. ಗುಳ್ಳೆ ಇರುವಾಗ ಯಾರಿಗೂ ಮುತ್ತು ಕೊಡಬೇಡಿ. ಎಳೆ ಕೂಸಿಗಂತೂ ಖಂಡಿತ ಬೇಡ, ಅದರ ಜೀವಕ್ಕೇ ಅಪಾಯವಾಗಬಹುದು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದರದು. ಹುಣ್ಣು 3 ವಾರವಾದರೂ ಮಾಯದಿದ್ದರೆ, ನೋವಿಲ್ಲದಿದ್ದರೂ ಸರಿ, ದಂತವೈದ್ಯರಿಗೆ ತೋರಿಸಿ. ಗುಟ್ಕಾ, ಹೊಗೆಸೊಪ್ಪು, ಎಲೆಯಡಿಕೆ ಅಭ್ಯಾಸ ಇದ್ದರೆ ತಡ ಮಾಡಲೇಬೇಡಿ. ಬಾಯಿ ಕ್ಯಾನ್ಸರ್ ಹೀಗೆಯೇ ಶುರುವಾಗುವುದುಂಟು.