ಬಾಗಿಲು ಮುಚ್ಚಿಕೊಳ್ಳಲು ಕೋಣೆ ಎಲ್ಲಿದೆ?

ಪ್ರಶ್ನೆ: ಎರಡು ಕೋಣೆಯ ಮನೆ, ಐದು ಜನ. ‘ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು’ ಎಂದಿದ್ದಾರೆ ಯೇಸುಸ್ವಾಮಿ. ನನಗೆ ಆ ಕೋಣೆ ಎಲ್ಲಿದೆ?
— ಗೃಹಿಣಿ, ಹಾಸನ

ಉತ್ತರ: ಮತ್ತಾಯ 6:6ರಲ್ಲಿ ‘ಕೋಣೆ’ಗೆ ಗ್ರೀಕ್ ಮೂಲದಲ್ಲಿರುವ ಪದ ‘ತಮೆಯೊನ್’, ಅದರ ಮೊದಲ ಅರ್ಥವೇ ಉಗ್ರಾಣ. ಕಾಗೆಗಳಿಗೆ ಉಗ್ರಾಣವಿಲ್ಲ ಎನ್ನುವ ಲೂಕ 12:24ರಲ್ಲೂ ಇದೇ ಪದವಿದೆ. ಸ್ವಾಮಿ ತೋರಿಸಿದ್ದು ಕಾಳುಕಡ್ಡಿ ಇಡುವ ಜಾಗವನ್ನು. ಹಾಗಾಗಿ ಅಡುಗೆಮನೆಯ ಮೂಲೆಯೋ ತಾರಸಿಯ ಮೆಟ್ಟಿಲೋ ಧಾರಾಳವಾಗಿ ಸಾಕು. ಯಾರೂ ಕರೆಯದ 15 ನಿಮಿಷ ಮಾತ್ರ ಬೇಕೇ ಬೇಕು. ಅದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಆಗ ಒಲೆಯ ಮೇಲೆ ಹಾಲಿಡಬೇಡಿ, ಕಿವಿಯೆಲ್ಲ ಅಲ್ಲೇ ಇರುತ್ತದೆ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಓದಲು ಅಚ್ಚಿನ ಬೈಬಲ್ಲೇ ಒಳ್ಳೆಯದು.

ಪ್ರಶ್ನೆ: ಕೂತ ಎರಡೇ ನಿಮಿಷಕ್ಕೆ ಮನಸ್ಸು ಎಲ್ಲೋ ಓಡುತ್ತದೆ, ಇಲ್ಲವೇ ತೂಕಡಿಕೆ.
— ಓದುಗ, ಶಿವಮೊಗ್ಗ

ಉತ್ತರ: ತೂಕಡಿಕೆಗೆ ಮದ್ದು ಸುಲಭ. ಮುಖ ತೊಳೆಯಿರಿ, ಹಾಸಿಗೆ ಬಿಟ್ಟು ಚಾಪೆಯ ಮೇಲೆ ಕೂರಿ, ಮೆಲುದನಿಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿ.

ಮನಸ್ಸು ಓಡಲು ಹೆಚ್ಚಿನ ಸಲ ಕಾರಣ, ಕೂತೊಡನೆ ಬೇಡಿಕೆಗಳಿಂದ ಶುರು ಮಾಡುವುದು. ಮಗನ ಫೀಸು ಎಂದೊಡನೆ ಬ್ಯಾಂಕು ನೆನಪಾಗುತ್ತದೆ, ಬ್ಯಾಂಕಿನಿಂದ ಸಾಲ, ಪ್ರಾರ್ಥನೆ ಲೆಕ್ಕಾಚಾರವಾಗುತ್ತದೆ. ಆದ್ದರಿಂದ ಮೊದಲು ದೇವರ ಮಾತು ಕೇಳಿ, ಆಮೇಲೆ ನಿಮ್ಮದು ಹೇಳಿ. ಕೀರ್ತನೆ 119 ಇದಕ್ಕೆಂದೇ ಅಳೆದಿಟ್ಟಂತಿದೆ: 176 ವಚನ, ಎಂಟೆಂಟರಂತೆ 22 ಭಾಗ, ದಿನಕ್ಕೊಂದು. ಮೊದಲ 2 ನಿಮಿಷ ಸುಮ್ಮನಿರಿ. ಮುಂದಿನ 5 ನಿಮಿಷದಲ್ಲಿ ಎಂಟು ವಚನಗಳನ್ನು ಎರಡು ಸಲ ಓದಿ, ಎರಡನೆಯ ಸಲ ಇನ್ನೂ ನಿಧಾನವಾಗಿ. ಎದೆಗೆ ತಟ್ಟಿದ ಮಾತು ಸಿಕ್ಕರೆ ಅಲ್ಲೇ ನಿಲ್ಲಿ, ಭಾಗ ಮುಗಿಸುವ ಹಠ ಬೇಡ. ಆ ಮಾತನ್ನೇ ಹಿಡಿದು 5 ನಿಮಿಷ ಪ್ರಾರ್ಥಿಸಿ. ಫೀಸಿನ ಚಿಂತೆಯನ್ನೂ ಈಗ ಹೇಳಿಕೊಳ್ಳಿ. ಕಡೆಯ 3 ನಿಮಿಷ ಮೌನ. ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ಈ ನಾಲ್ಕು ಮೆಟ್ಟಿಲುಗಳನ್ನು 12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಎಂಬ ಕ್ರೈಸ್ತ ಮಠಪಂಥದ ಸನ್ಯಾಸಿ ಎರಡನೆಯ ಗೀಗೊ ವಿವರಿಸಿದ್ದರು. ನಡುವೆ ಕೆಲಸ ನೆನಪಾದರೆ ಚೀಟಿಯಲ್ಲಿ ಒಂದು ಪದ ಬರೆದಿಟ್ಟು ಮುಂದುವರಿಯಿರಿ.

ಒಂದು ದಿನ ತಪ್ಪಿದರೆ ಮರುದಿನ ಅರ್ಧ ಗಂಟೆ ಕೂತು ಬಾಕಿ ತೀರಿಸಲು ಹೋಗಬೇಡಿ. ಸಾಲದಂತೆ ಕಂಡ ಪ್ರಾರ್ಥನೆ ವಾರದೊಳಗೆ ನಿಂತುಹೋಗುತ್ತದೆ.

ಪ್ರಶ್ನೆ: ರಾತ್ರಿ ಕುಟುಂಬ ಪ್ರಾರ್ಥನೆ ಇದೆ, ಭಾನುವಾರ ಆರಾಧನೆ ಇದೆ. ಒಬ್ಬರೇ ಕೂರಲೇಬೇಕೆ?
— ಓದುಗಿ, ಮಂಗಳೂರು

ಉತ್ತರ: ಕೂರಲೇಬೇಕು. ನಾಲ್ಕು ಜನರ ನಡುವೆ ನಾವು ಮಾತು ಆರಿಸಿ ಆಡುತ್ತೇವೆ. ಅತ್ತೆಯ ಮೇಲಿನ ಸಿಟ್ಟು, ಆಡಿದ ಸುಳ್ಳು ಅಲ್ಲಿ ಬಾಯಿಗೆ ಬರುವುದಿಲ್ಲ. ಮಾರ್ಕ 1ನೆಯ ಅಧ್ಯಾಯ ತೆರೆದು ನೋಡಿ. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಆದರೂ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಶಿಷ್ಯ ಸೀಮೋನ ಹುಡುಕಿ ಬಂದು ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದಾಗ, ಅವರು ಹಿಂದಿರುಗಲಿಲ್ಲ. ಪಕ್ಕದ ಊರುಗಳಿಗೆ ಹೋಗೋಣ, ನಾನು ಹೊರಟು ಬಂದಿರುವುದೇ ಅದಕ್ಕಾಗಿ ಎಂದರು.